ಕೆಳಗಿನ ಮೂಲೆ

“ಯರ್ರೆಪ್ಪ, ನಮ್ಮಪ್ಪನ ಗದ್ದಿಗಿ ಬಾಜೂಕ ತೋಡ್ರಿ. ಬಿಸಿಲೇರೋದ್ರೊಳಗ ಮುಗೀಬೇಕು ನೋಡು,” ಎಂದು ಕೊಟ್ರಸ್ವಾಮಿ ಅಂಗಳದಿಂದ ಕೂಗಿದಾಗ ಅವನ ಅಕ್ಕ ಗಂಗಾಂಬಿಕಾ ತೀರಿಕೊಂಡ ಗಂಡನ ಹಣೆಗೆ ವಿಭೂತಿ ಹಚ್ಚುತ್ತಿದ್ದಳು. ಕೈ ಅಲ್ಲಿಯೇ ನಿಂತಿತು. ಯರ್ರೆಪ್ಪ ಗುದ್ದಲಿಯನ್ನು ಹೆಗಲಿಗೇರಿಸಿ ಹೊರಡುವುದರಲ್ಲಿದ್ದ. ಹೇಳುವುದಿದ್ದರೆ ಈಗಲೇ ಹೇಳಬೇಕು.

ಅವಳ ಗಂಡ ಗುರುಬಸವರಾಜ ಮೇಷ್ಟ್ರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹರಪನಹಳ್ಳಿಯ ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳಿಕೊಂಡಿದ್ದ ಮನುಷ್ಯ. ನಾಯಿ ಬೊಗಳಿದರೆ ರಸ್ತೆಯ ಆಚೆ ಬದಿಗೆ ಸರಿಯುವಷ್ಟು ಪುಕ್ಕಲು. ಅವರ ಹುಟ್ಟೂರು ತುಂಗಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿತ್ತು, ಜೊತೆಗೆ ಹಿರಿಯರ ಸಮಾಧಿಗಳೂ. ತೆಲಿಗಿ ದಾರಿಯ ಈ ಊರಿಗೆ ಮನೆ ಅಳಿಯನಾಗಿ ಬಂದವರು. ಹೆಂಡತಿಯ ತವರಿನ ಹೊಲದಲ್ಲೇ ಅವರನ್ನು ಮಣ್ಣು ಮಾಡುವುದಕ್ಕೆ ಯಾರ ತಕರಾರೂ ಇರಲಿಲ್ಲ. ಹೊಲದ ಯಾವ ಕಡೆ ಎಂಬುದೊಂದೇ ಪ್ರಶ್ನೆ, ಆ ಪ್ರಶ್ನೆ ಇದೆಯೆಂಬುದು ಅವಳೊಬ್ಬಳಿಗೇ ಗೊತ್ತಿತ್ತು.

“ಒಂದ್ ದಿನ ಜೋರು ಮಾತಾಡಿದ್ದು ಕೇಳಿಲ್ಲ ಯವ್ವಾ,” ಎಂದು ಪಕ್ಕದ ಮನೆಯ ಬೊಮ್ಮಮ್ಮ ಕಣ್ಣೊರೆಸಿಕೊಂಡಳು.

“ಹೌದು ಮತ್ತ. ಕಡೀಕ ಆ ಡಾಕ್ಟರೇಟ್ ಹುಚ್ಚೊಂದು ಹಿಡೀತು ನೋಡು,” ಎಂದಳು ಅಂಜಿನಕ್ಕ. “ಮೊಮ್ಮಕ್ಕಳು ಆಡಸೋ ವಯಸ್ಸಿನ್ಯಾಗ ಎಲ್ಲಾರ ಬಾವಿ ನೀರು ಮೂಸಿ ನೋಡ್ಕೊಂತ ತಿರುಗೋರು.”

*

ಹುಚ್ಚೆಂದರೆ ಹುಚ್ಚೇ. ತಾಲ್ಲೂಕಿನ ಸಣ್ಣ ಕೈಗಾರಿಕೆಗಳ ಲಾಭ, ಅವಕ್ಕೆ ಬ್ಯಾಂಕು ಕೊಡುವ ಬಂಡವಾಳ, ಅವು ಕೆಡಿಸುವ ನೆಲ-ನೀರು, ಮೂರನ್ನೂ ಒಟ್ಟಿಗಿಟ್ಟು ನೋಡಬೇಕೆಂದು ಮೇಷ್ಟ್ರು ಸಂಶೋಧನೆಗೆ ಕೂತಿದ್ದರು. ಸಹೋದ್ಯೋಗಿಗಳು ನಕ್ಕಿದ್ದರು.

“ಕಟ್ಟಡ ಸವದದ್ದಕ್ಕ ಲೆಕ್ಕದಾಗ ಸವಕಳಿ ಹಾಕ್ತಾರ, ಮಿಷನ್ನಿಗೆ ಸವಕಳಿ ಹಾಕ್ತಾರ. ಬಾವಿಗೆ ಯಾರು ಹಾಕ್ತಾರ ಹೇಳು ಗಂಗಾ?” ಎಂದು ರೊಟ್ಟಿ ಮುರಿಯುತ್ತಾ ಕೇಳುತ್ತಿದ್ದರು. ಅವಳಿಗೆ ನಗು ಬರುತ್ತಿತ್ತು.

ನಗು ನಿಂತದ್ದು ಅವರು ಕೊಟ್ರಸ್ವಾಮಿಯ ಫ್ಯಾಕ್ಟರಿಗೆ ಬಂದಾಗ. ಮೆಕ್ಕೆಜೋಳ ನೆನೆಸಿ, ಅರೆದು ಗಂಜಿಹಿಟ್ಟು ತೆಗೆಯುವ ಫ್ಯಾಕ್ಟರಿ ಅದು. ಅರ್ಧ ಊರಿಗೆ ಅಲ್ಲಿಯೇ ಕೂಲಿ. ಹೊಲಸು ನೀರನ್ನು ಟ್ಯಾಂಕರಿನಲ್ಲಿ ದೂರ ಕಳಿಸುತ್ತೇವೆ ಎಂದು ಕೊಟ್ರಸ್ವಾಮಿ ಎಲ್ಲರಿಗೂ ಹೇಳುತ್ತಿದ್ದ. ಟ್ಯಾಂಕರನ್ನು ಮಾತ್ರ ಯಾರೂ ಕಂಡಿರಲಿಲ್ಲ. ಫ್ಯಾಕ್ಟರಿಯ ಗೋಡೆಗೆ ಹತ್ತಿದ ಇದೇ ತವರಿನ ಹೊಲದ ಕೆಳಗಿನ ಮೂಲೆಯಲ್ಲಿ ಒಂದಾಳು ಆಳ ತೋಡಿ ನೋಡಿದರೆ ತಿಳಿಯುತ್ತದೆ ಎಂದು ಮೇಷ್ಟ್ರು ಗುದ್ದಲಿ ಹಿಡಿದು ಹೋದರು. ವಾಚ್‌ಮನ್ ಗುದ್ದಲಿ ಕಸಿದುಕೊಂಡು ಇವರನ್ನು ಬಿಸಿಲಲ್ಲಿ ಕೂರಿಸಿದ.

“ಮಾವಾರ, ಈ ಹೊಲದ ಪಹಣಿ ಯಾರ ಹೆಸರಿಗೈತ್ರಿ?” ಎಂದು ಕೊಟ್ರಸ್ವಾಮಿ ನಯವಾಗಿಯೇ ಕೇಳಿದನಂತೆ. ಪಹಣಿ ಅವನ ಹೆಸರಿಗೇ ಇತ್ತು.

ಸಂಜೆ ಅವನು ಅಡುಗೆಮನೆಗೆ ಬಂದು, ಅಕ್ಕ ಕೊಟ್ಟ ಚಹಾ ಕುಡಿಯುತ್ತಾ ಹೇಳಿದ: “ಮಾವಗ ತಿಳಿಸಿ ಹೇಳಕ್ಕ. ದೊಡ್ಡ ಲೋನು ಮಂಜೂರಾಗೋ ಟೈಮ್ ಇದು. ನನ್ನ ಪಾರ್ಟ್ನರುಗಳು ನನ್ನಂಗಲ್ಲ. ಈ ರೋಡಿನ್ಯಾಗ ಲಾರಿ ಬ್ಯಾರೆ ಭಾಳ ಓಡಾಡ್ತಾವ.”

ಅವತ್ತಿನಿಂದ ಲಾರಿಯ ಸದ್ದಾದರೆ ಅವಳು ರಸ್ತೆಗೆ ಇಣುಕುತ್ತಿದ್ದಳು. ಮೇಷ್ಟ್ರು ಕಾಲೇಜಿನಿಂದ ಬರುವ ತನಕ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಅವರೂ ಹೆದರಿದರು. “ಅಂಜಿಕಿ ಬಂತು ಗಂಗಾ, ಬಿಟ್ಟೆ,” ಎಂದರು. ಬಿಟ್ಟ ಮೇಲೆ ಮನುಷ್ಯ ಸೊರಗಿಹೋದರು.

ಹೃದಯ ಕೈಕೊಟ್ಟು ದಾವಣಗೆರೆಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳ ಕೈ ಹಿಡಿದು, “ನನ್ನ ಕೆಳಗಿನ ಮೂಲ್ಯಾಗ ಇಡ್ರಿ,” ಎಂದರು. “ಬದುಕಿದ್ದಾಗ ತೋಡಾಕ ಬಿಡಲಿಲ್ಲ. ಸತ್ತವನ ಕುಣಿಗೆ ಯಾರು ಬ್ಯಾಡ ಅಂತಾರ?” ಹಾಗೆಂದು ಸಣ್ಣಗೆ ನಕ್ಕರು. ಅಲ್ಲಿದ್ದವಳು ಅವಳೊಬ್ಬಳೇ.

*

“ಕೊಟ್ರಾ,” ಎಂದಳು ಗಂಗಾಂಬಿಕಾ. ಹೊರಗೆ ಕೇಳಿಸಲಿಲ್ಲ. ಎದ್ದು ಹೊಸ್ತಿಲಿಗೆ ಬಂದು ಮತ್ತೆ ಹೇಳಿದಳು: “ಅಲ್ಲಿ ಬ್ಯಾಡ. ಕೆಳಗಿನ ಮೂಲ್ಯಾಗ ತೋಡ್ಸು. ಅವರ ಬಾಯಿಲೇ ಹೇಳ್ಯಾರ.”

ಕೊಟ್ರಸ್ವಾಮಿಯ ಮುಖದ ಬಣ್ಣ ಇಳಿಯಿತು.

“ಅದು ತಗ್ಗು ಅಕ್ಕ. ಮಳಿನೀರು ನಿಂದ್ರತೈತಿ.”

“ಈ ಬ್ಯಾಸಗ್ಯಾಗ ಎಲ್ಲೀ ಮಳಿ ತಮ್ಮಾ?” ಎಂದಳು ಬೊಮ್ಮಮ್ಮ. ಪಾಪ, ಅವಳಿಗೆ ಒಳಗಿನದೇನೂ ಗೊತ್ತಿರಲಿಲ್ಲ.

ಕ್ರಿಯೆಗೆ ಬಂದಿದ್ದ ಅಯ್ಯನವರು, “ಲಿಂಗೈಕ್ಯರ ಮಾತು ಮೀರಬಾರದ್ರಿ ಸಾವ್ಕಾರ್ರ,” ಎಂದುಬಿಟ್ಟರು. ಅಷ್ಟು ಜನರ ಎದುರು ಆ ಮಾತಿಗೆ ಅಡ್ಡ ಹೇಳುವುದು ಯಾರಿಂದಲೂ ಆಗುತ್ತಿರಲಿಲ್ಲ.

ಕೊಟ್ರಸ್ವಾಮಿ ಅಕ್ಕನ ಹತ್ತಿರ ಬಂದು, ಸಮಾಧಾನ ಮಾಡುವವನಂತೆ ಬಗ್ಗಿ ಹೇಳಿದ: “ನಾಳಿಂದ ನೀ ಒಬ್ಬಾಕೀನ ಇರಾಕಿ. ನೆನಪಿರಲಿ.”

ಅವ್ವ ತೀರಿಕೊಂಡ ಮೇಲೆ ಅವನಿಗೆ ಕೈತುತ್ತು ಹಾಕಿ ಬೆಳೆಸಿದವಳು ಅವಳು. ಅವನು ಹೊಡೆದಿದ್ದರೂ ಅಷ್ಟು ಭಯವಾಗುತ್ತಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು.

ಭಜನೆಯವರ ಹಿಂದೆ ಮೇಷ್ಟ್ರನ್ನು ಕೂರಿಸಿ ಹೊತ್ತ ವಿಮಾನ ಹೊಲ ಮುಟ್ಟಿದಾಗ ಕುಣಿ ಇನ್ನೂ ಮುಗಿದಿರಲಿಲ್ಲ. ಹೂವಿನ ನಡುವೆ ಕೂತ ಅವರನ್ನು ಬೇವಿನ ಮರದ ನೆರಳಿನಲ್ಲಿ ಇಳಿಸಿದರು. ಮೆಟ್ಟಿಲು ಕಡಿದು, ಯರ್ರೆಪ್ಪ ಎದೆಯ ಆಳಕ್ಕೆ ಇಳಿದಿದ್ದ. ಇನ್ನೊಂದು ಪೆಟ್ಟು ಹಾಕಿದವನು ಮೂಗು ಮುಚ್ಚಿಕೊಂಡು ಮೇಲೆ ಹತ್ತಿದ.

ಹುಳಿತ ಗಂಜಿಯ ನಾತ ಹೊಲದ ತುಂಬ ಹಬ್ಬಿತು. ಫ್ಯಾಕ್ಟರಿಯ ಗೋಡೆಯ ಕಡೆಯಿಂದ ಕಪ್ಪು ನೀರು ಬುಳುಬುಳು ಎಂದು ಬಂದು ಕುಣಿ ತುಂಬತೊಡಗಿತು. ಭಜನೆ ತಾನಾಗಿ ನಿಂತಿತು.

“ನಮ್ಮ ಬೋರಿನ ನೀರೂ ಇದೇ ನಾತ ಬರತೈತಲ್ಲ,” ಎಂದು ಬೊಮ್ಮಮ್ಮ ಮೆಲ್ಲಗೆ ಅಂದಳು. ಉಳಿದವರು ಕುಣಿಯಿಂದ ಹಿಂದಕ್ಕೆ ಹೆಜ್ಜೆ ಇಟ್ಟರು. ಎಲ್ಲರ ಮನೆಯಿಂದಲೂ ಒಬ್ಬರಾದರೂ ಫ್ಯಾಕ್ಟರಿಗೆ ಹೋಗುತ್ತಿದ್ದರು.

“ಮುಚ್ರಲೇ!” ಎಂದು ಕೊಟ್ರಸ್ವಾಮಿ ಅಬ್ಬರಿಸಿದ. “ಇಂಥಾ ರಾಡ್ಯಾಗ ನಮ್ಮ ಮಾವನ್ನ ಕುಂದ್ರಸ್ತೀರೇನು? ಅಪ್ಪನ ಬಾಜೂಕ ನಡೀರಿ!”

ಮಾತು ನ್ಯಾಯವಾಗಿಯೇ ಇತ್ತು. ಅಯ್ಯನವರೂ ತಲೆಯಾಡಿಸಿದರು. ಗಂಡಸರು ವಿಮಾನಕ್ಕೆ ಹೆಗಲು ಕೊಡಲು ಸರಿದರು. ಇನ್ನೊಂದು ಗಳಿಗೆಯಲ್ಲಿ ಕುಣಿ ಮುಚ್ಚಿಹೋಗುತ್ತದೆ, ನಾಳೆ ಯಾರೂ ಏನನ್ನೂ ಕಂಡಿರುವುದಿಲ್ಲ. ಯರ್ರೆಪ್ಪ ಗುದ್ದಲಿ ಹಿಡಿದು ಗಂಗಾಂಬಿಕಾಳ ಮುಖ ನೋಡುತ್ತಾ ನಿಂತ. ಕೊಟ್ರಸ್ವಾಮಿ ಅದನ್ನು ಕಿತ್ತುಕೊಂಡು ತಾನೇ ಮಣ್ಣೆಳೆಯಲು ಬಗ್ಗಿದ.

ಗಂಗಾಂಬಿಕಾ ಕುಣಿಯ ಮೆಟ್ಟಿಲಿಳಿದಳು. ಕಾಲು ಜಾರಿತು, ಕುಣಿಯ ಬದಿಯ ಮಣ್ಣು ಹಿಡಿದು ಇಳಿದಳು. ಮೊಣಕಾಲಿನ ತನಕ ನೀರಲ್ಲಿ ನಿಂತು ತಲೆಯೆತ್ತಿದಾಗ ತಮ್ಮನ ಗುದ್ದಲಿ ಅವಳ ನೆತ್ತಿಯ ಮೇಲೆಯೇ ಇತ್ತು.

“ಬಿಸಿ ಐತಿ,” ಎಂದಳು. “ನೀರು ಬಿಸಿ ಐತಿ ಕೊಟ್ರಾ. ನಿಮ್ಮ ಮಾವನ್ನ ಮಣ್ಣು ಮಾಡೋ ದಿನಾನೂ ಫ್ಯಾಕ್ಟರಿ ಬಂದ್ ಮಾಡ್ಲಿಲ್ಲೇನು?”

ಕೊಟ್ರಸ್ವಾಮಿ ಬಗ್ಗಿದವನು ಬಗ್ಗಿಯೇ ಇದ್ದ. ಬೊಮ್ಮಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರನ್ನೂ ಕೇಳದೆ ಮೆಟ್ಟಿಲ ಮೇಲೆ ಕೂತು, ಆ ನೀರಿಗೆ ಕೈ ಇಟ್ಟು ನೋಡಿದಳು. ಅವಳ ಹಿಂದೆ ಅಂಜಿನಕ್ಕ ನಿಂತಿದ್ದಳು, ತನ್ನ ಸರದಿಗಾಗಿ.