ಒಂದು ಗೇಣು ಬಲಕ್ಕೆ

ಮೈದಾನ ನೋಡಿಕೊಳ್ಳುತ್ತಿದ್ದ ಹುಸೇನಪ್ಪಜ್ಜ ಸುಣ್ಣದ ಗೆರೆ ಎಳೆಯುವುದನ್ನು ನೋಡಲೆಂದೇ ನಾನು ಹಾಕಿ ಆಟಕ್ಕೆ ಒಂದು ತಾಸು ಮೊದಲೇ ಹೋಗುತ್ತಿದ್ದೆ. ತಳಕ್ಕೆ ತೂತು ಕೊರೆದ ಡಬ್ಬಿಯನ್ನು ಅಲ್ಲಾಡಿಸುತ್ತ, ಕಟ್ಟಿದ ಹಗ್ಗದ ಗುಂಟ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಅವನು ಗೆರೆ ಬಿಡುತ್ತಿದ್ದ. ನಡುವೆ ಯಾರಾದರೂ ತುಳಿದರೋ, ಅವರ ಮುತ್ತಜ್ಜನನ್ನೂ ಬಿಡದೆ ಬೈಯುತ್ತಿದ್ದ. ಈಗಲೂ ಎಲ್ಲಾದರೂ ಸುಣ್ಣದ ವಾಸನೆ ಬಂದರೆ ನನ್ನ ಎದೆ ಭಾರವಾಗುತ್ತದೆ.

ಆ ಮೈದಾನವೇನು ಚೆಲುವಾಗಿರಲಿಲ್ಲ. ಕೆಂಪು ಮಣ್ಣು, ಬಿದ್ದರೆ ಮೊಣಕಾಲು ಸುಲಿಯುವ ಗರಸು. ಪೂರ್ವದ ಗೋಲಿನ ಮುಂದೆ ನೆಲ ಎಡಕ್ಕೆ ವಾಲಿತ್ತು. ನೇರ ಹೊಡೆದ ಚೆಂಡು ಎಡಕ್ಕೆ ಜಾರಿ ಕಂಬದ ಹೊರಗೆ ಹೋಗಿಬಿಡುತ್ತಿತ್ತು. ಪರ ಊರಿನ ತಂಡದವರು ಅಲ್ಲೇ ಬೇಸ್ತು ಬೀಳುತ್ತಿದ್ದರು.

"ಒಂದು ಗೇಣು ಬಲಕ್ಕ ಹೊಡಿ ತಮ್ಮಾ. ಮುಂದಿಂದು ನೆಲ ನೋಡ್ಕೊಂತೈತಿ," ಎಂದು ಅಜ್ಜ ಮೊದಲ ದಿನವೇ ನನಗೆ ಹೇಳಿಕೊಟ್ಟಿದ್ದ. ನೆಲ ನೋಡಿಕೊಳ್ಳುತ್ತಲೂ ಇತ್ತು. ಚೆಂಡು ಬಾಗಿ ಬಂದು ಗೋಲಿನ ಹಲಗೆಗೆ ಠಪ್ಪೆಂದು ಬಡಿಯುತ್ತಿತ್ತು.

ಊರ ಹೊರಗೆ ಹಸಿರು ಹಾಸಿನ ಹೊಸ ಮೈದಾನ ಆದ ವರ್ಷ, ಸಂಘದ ಅಧ್ಯಕ್ಷ ಗುರುಪಾದಪ್ಪನವರು ಹಳೆಯದನ್ನು ಉಗ್ರಾಣ ಕಟ್ಟುವವರಿಗೆ ಕೊಡುವ ಮಾತೆತ್ತಿದರು. ನಾವು ಆಟಗಾರರೆಲ್ಲ ಹೋಗಿ ಗೋಗರೆದೆವು.

"ಈ ಸಲದ ಕಪ್ಪು ಅಲ್ಲಿ ಗೆದ್ರಿ ಅಂದ್ರ ಇದು ಯಾಕ ಬೇಕ್ರಪಾ? ಸೋತ್ರ ಇದನ್ನ ಇಟ್ಕೊಳ್ಳೋಣು," ಎಂದರು ಅವರು.

ಅವರು ಹಗುರಾಗಿ ಅಂದದ್ದನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮೈದಾನದ ಮೂಲೆಯ ತಗಡಿನ ಕೋಣೆಯೇ ಅಜ್ಜನ ಮನೆ. ಮೈದಾನ ಹೋದರೆ ಅವನ ಗತಿಯೇನು ಎಂಬ ಚಿಂತೆ ನನ್ನನ್ನು ಕೊರೆಯುತ್ತಿತ್ತು.

ಹೊಸ ಮೈದಾನದಲ್ಲಿ ಕೊನೆಯ ಆಟ. ಅಂಕಗಳಲ್ಲಿ ಮುಂದಿದ್ದೆವು, ಡ್ರಾ ಆದರೂ ಕಪ್ಪು ನಮ್ಮದೇ. ಆದರೆ ಒಂದು ಗೋಲು ಹಿಂದೆ ಬಿದ್ದಿದ್ದೆವು. ಮುಗಿಯಲು ಒಂದು ನಿಮಿಷವಿದ್ದಾಗ ಪೆನಾಲ್ಟಿ ಕಾರ್ನರ್ ಸಿಕ್ಕಿತು. ಹೊಡೆಯಬೇಕಾದವನು ನಾನು. ಅಜ್ಜ ಗೋಲಿನ ಹಿಂದೆ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತಿದ್ದ. ಹೊಡೆದೆ. ಚೆಂಡು ಕಂಬದ ಹೊರಗೆ ಹೋಯಿತು.

ಯಾರೂ ನನ್ನನ್ನು ಬೈಯಲಿಲ್ಲ. "ಪಾಪ, ಕೈಗೆ ಹಳೇ ಮೈದಾನದ ರೂಢಿ," ಎಂದು ಬೆನ್ನು ತಟ್ಟಿದರು. "ಹೌದ್ರೀ, ರೂಢಿ," ಎಂದು ನಾನೂ ತಲೆಯಾಡಿಸಿದೆ.

ಆ ಮಾತು ಊರೆಲ್ಲ ತಿರುಗಿತು. ವಾರದೊಳಗೆ ಗುರುಪಾದಪ್ಪನವರು ಸಭೆ ಕರೆದರು. "ಆ ಸೊಟ್ಟ ನೆಲಾನ ನಮ್ಮ ಹುಡುಗರ ಕೈ ಕೆಡಿಸೈತಿ. ಅದು ಇರೋತನಕ ನಾವು ಗೆಲ್ಲಂಗಿಲ್ಲ. ಕೊಟ್ಟುಬಿಡೋಣು," ಎಂದರು. ಎಲ್ಲರೂ ಹೌದೆಂದರು. ನಾನು ಎದ್ದು ನಿಲ್ಲಬೇಕಿತ್ತು. ಕೂತೇ ಇದ್ದೆ.

ನೆಲ ಅಗೆಯುವ ಯಂತ್ರ ಬರುವ ದಿನ ಬೆಳಿಗ್ಗೆ ಹೋದೆ. ಕೋಣೆಯ ಮುಂದೆ ಅಜ್ಜನ ಟ್ರಂಕು, ಸುತ್ತಿದ ಹಾಸಿಗೆ. ಅವನು ಮಾತ್ರ ಎಂದಿನಂತೆ ಗೆರೆ ಎಳೆಯುತ್ತಿದ್ದ.

"ಎಲ್ಲಿಗೆ ಹೊಂಟೀ ಅಜ್ಜಾ?"

"ಮಗಳ ಊರಿಗೆ." ಅವನು ಡಬ್ಬಿ ಕೆಳಗಿಟ್ಟ. "ರೂಢಿ ಅಂದ್ಯಂತಲ್ಲ ತಮ್ಮಾ. ರೂಢಿ ಆಗಿದ್ರ ಆ ಸಪಾಟ ನೆಲದಾಗ ಚೆಂಡು ಬಲಕ್ಕ ಹೋಗಬೇಕಿತ್ತು. ನಿಂದು ಎಡಕ್ಕ ಹೋತು."

ಅಷ್ಟು ಜನ ನೋಡಿದ್ದರು, ಒಬ್ಬರಿಗೂ ಇದು ಹೊಳೆದಿರಲಿಲ್ಲ.

"ನಿನ್ನ ಸಲುವಾಗಿ ಅಜ್ಜಾ. ಸೋತ್ರ ಮೈದಾನ ಉಳೀತೈತಿ ಅಂತ ಬೇಕಂತ ಹೊಡದೆ."

"ಸೋತಿದ್ದಕ್ಕ ಸಿಟ್ಟಿಲ್ಲ. ಮೂವತ್ತು ವರ್ಷ ರೋಲರ್ ಎಳದ ನೆಲ ಇದು. ತಪ್ಪು ಇದರ ಮ್ಯಾಲ ಹೊರಿಸಿದ್ಯಲ್ಲ. ಸಭಾದಾಗ ಒಂದು ಮಾತು ಆಡಿದ್ದಿದ್ರ..."

ಅಜ್ಜ ಕೋಣೆಯೊಳಗೆ ಹೋಗಿ ಒಂದು ಹಳೆಯ ಸ್ಟಿಕ್ಕು, ಚೆಂಡು ತಂದು ಪೂರ್ವದ ಗೋಲಿನ ಎದುರು, ಅರ್ಧವೃತ್ತದ ಗೆರೆಯ ಬಳಿ ಇಟ್ಟ. "ಹೊಡಿ," ಎಂದ.

ಒಂದು ಗೇಣು ಬಲಕ್ಕೆ ಹೊಡೆದೆ. ಚೆಂಡು ಬಾಗಿತು. ಎಡಕ್ಕೆ ಜಾರಿ, ಒಳಹೋಗಿ, ಹಲಗೆಗೆ ಠಪ್ಪೆಂದು ಬಡಿಯಿತು. ನೆಲ ತನ್ನ ಮಾತು ತಪ್ಪಿರಲಿಲ್ಲ.

ಗೇಟಿನ ಹೊರಗೆ ಯಂತ್ರ ಬಂದು ನಿಂತ ಸದ್ದಾಯಿತು. ಹೊಡೆಯುವ ಭರದಲ್ಲಿ ನನ್ನ ಕಾಲು ಗೆರೆಯನ್ನು ಒರೆಸಿತ್ತು. ಬೈಗುಳಕ್ಕೆ ಕಾದೆ. ಅಜ್ಜ ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ. ಡಬ್ಬಿ ಎತ್ತಿಕೊಂಡು ಬಗ್ಗಿದ, ನಾನು ಕೆಡಿಸಿದ ಅಷ್ಟು ಜಾಗಕ್ಕೆ ಸುಣ್ಣ ಉದುರಿಸಿ ಗೆರೆ ಕೂಡಿಸಿದ.