ಕೌದಿಗೆ ಇಟ್ಟಿದ್ದ ಸೀರೆ

ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ರಾಮಮ್ಮ ಟಿ. ದಾಸರಹಳ್ಳಿಯ ಆ ವಠಾರಕ್ಕೆ ಬಂದಳೆಂದರೆ ನಲ್ಲಿಯ ಮುಂದಿನ ಜಗಳ ಕೂಡ ತುಸು ಹೊತ್ತು ನಿಲ್ಲುತ್ತಿತ್ತು. ಆ ದಿನ ಅವಳ ಬುಟ್ಟಿಯ ಮುಂದೆ ಮೊದಲು ಕುಳಿತವಳು ಮಹಾದೇವಿ. ತುಂಬು ಬಸುರಿ, ಕೂರಲೂ ಏಳಲೂ ಶಿವನ ಹೆಸರು ಬೇಕಾಗುತ್ತಿತ್ತು. ಗಾರ್ಮೆಂಟ್ಸ್ ಕೆಲಸ ಬಿಟ್ಟ ಮೇಲೆ, ಗಂಡನೊಬ್ಬನ ದುಡಿಮೆಯಲ್ಲಿ ಒಂದು ಬೆಂಕಿಕಡ್ಡಿಯೂ ದಂಡವಾಗಬಾರದೆಂದು ಹಟ ಹಿಡಿದಿದ್ದಳು. ಇಳಕಲ್ ಕಡೆಯ ಊರಿನಿಂದ ಅತ್ತೆ ಕಳಿಸಿದ್ದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯ ಭರಣಿಗಳು ಒಡೆಯದಿರಲೆಂದು ಸುತ್ತಿಬಂದ ಹಳೆ ಸೀರೆಗಳನ್ನು ಈಗ ಬಿಚ್ಚಿ ಮುಂದಿಟ್ಟಳು.

"ಅಕ್ಕಾ, ಸವೆದೋಗಿದೆ ಕಣಕ್ಕ. ಹಿಡಿದ್ರೆ ಆ ಕಡೆ ರೋಡೇ ಕಾಣ್ತದೆ. ಬಟ್ಲು ತಗೋ," ಎಂದಳು ರಾಮಮ್ಮ.

"ರೋಡ್ ಕಂಡ್ರ ಏನಾತು? ಅಪ್ಪಟ ನೂಲು. ಮುಚ್ಚಳದ ಡಬ್ಬಿ ಕೊಟ್ರ ಕೊಡು, ಇಲ್ಲಂದ್ರ ಗಂಟು ಕಟ್ಟತೀನಿ."

"ನಿಮ್ ಕಡೆಯೋರ ಹತ್ರ ಯಾಪಾರ ಮಾಡಿದ್ರೆ ಕೊನೆಗೆ ಬುಟ್ಟಿನೂ ಬಿಟ್ಟೋಗ್ಬೇಕು!"

ಹಾಗೆ ಗೊಣಗುತ್ತಲೇ ರಾಮಮ್ಮ ಡಬ್ಬಿ ಕೊಟ್ಟಳು. ಕಾಸು ಖರ್ಚಿಲ್ಲದೆ ಬಂದ ಡಬ್ಬಿ ಕಪಾಟಿನ ಮೇಲೆ ಮಿಂಚುತ್ತಿದ್ದರೆ ಮಹಾದೇವಿಗೆ ಕೂಸಿಗೊಂದು ಆಸ್ತಿ ಮಾಡಿಟ್ಟಷ್ಟು ಸಮಾಧಾನವಾಯಿತು.

ಆ ಸಮಾಧಾನ ಸಂಜೆಯವರೆಗೆ ಮಾತ್ರ. ಪೀಣ್ಯದಲ್ಲಿ ಲೇತ್ ಮಷೀನು ನಡೆಸುವ ಗಂಡ ಮುರಿಗೆಪ್ಪ ಮನೆಗೆ ಬಂದವನು, "ಭಾರಿ ಐತಲ್ಲ! ಎಲ್ಲಿಂದು?" ಎಂದ. ಅವಳು ಹೇಳಿದಳು. ಅವನು ಕೈ ತೊಳೆಯುವುದನ್ನು ಅಲ್ಲಿಗೇ ಬಿಟ್ಟ.

"ಭರಣಿಗೆ ಸುತ್ತಿದ್ದ ಸೀರೀನ? ಏ ಹುಚ್ಚಿ, ಅವನ್ನ ಅವ್ವ ಕೂಸಿನ ಕೌದಿಗೆ ಕಳಿಸಿದ್ಲು! ಹೇಳು ಅಂದಿದ್ಲು… ನಾನ ಮರ್ತೆ."

ಮಹಾದೇವಿ ಕಪಾಟಿನ ಮೇಲಿನ ಡಬ್ಬಿಯನ್ನು ಕೆಳಗಿಳಿಸಿದಳು. ಅತ್ತೆ ಈಶ್ವರಮ್ಮ ಹಳೆ ಸೀರೆಗಳನ್ನು ಪದರ ಪದರವಾಗಿ ಹಾಕಿ ಹೊಲೆಯುವ ಕೌದಿಗೆ ಸುತ್ತಲ ಹಳ್ಳಿಗಳಲ್ಲೆಲ್ಲ ಹೆಸರಿತ್ತು. ಅವಳ ಮೊಮ್ಮಕ್ಕಳೆಲ್ಲ ಮೊದಲು ಮಲಗಿದ್ದು ಅಂಥ ಕೌದಿಯ ಮೇಲೆ. ಪ್ರತಿಯೊಂದರ ನಡುವೆಯೂ ಈಶ್ವರಮ್ಮನ ಸ್ವಂತ ತಾಯಿಯ ಸೀರೆಯದೊಂದು ತುಂಡು. ಉಳಿದಿದ್ದ ಆ ಕೊನೆಯ ಸೀರೆಯೂ ರಾಮಮ್ಮನಿಗೆ ಹೋದ ಗಂಟಿನಲ್ಲಿತ್ತು. ಸುಮ್ಮನೆ ಚೀಲದಲ್ಲಿ ಬರುವ ಬದಲು ದಾರಿಯಲ್ಲಿ ಭರಣಿಯನ್ನೂ ಕಾಯಲೆಂದು ಅದನ್ನು ಸುತ್ತಿದ್ದಳು ಮುದುಕಿ. ಅವಳೂ ಏನನ್ನೂ ದಂಡ ಮಾಡುವವಳಲ್ಲ.

ತವರಿನಲ್ಲಿ ತಾಯಿ ಇಲ್ಲದ ಮಹಾದೇವಿಯ ಬಾಣಂತನಕ್ಕೆ ಅತ್ತೆಯೇ ಬರುವವಳಿದ್ದಳು. ಆ ಜೀವವೂ ಮನಸ್ಸು ಮುರಿದುಕೊಂಡರೆ ನೋವಿನ ಹೊತ್ತಿಗೆ 'ಯವ್ವಾ' ಎಂದು ಯಾರನ್ನು ಕರೆಯುವುದು?

"ಇಲಿ ಕಡದ್ವು ಅಂತ ಹೇಳೂಣು," ಎಂದ ಮುರಿಗೆಪ್ಪ.

"ಇಲಿ ಕಡದ್ರ ಡಬ್ಬಿ ಬರ್ತೈತೇನ್ರಿ?"

ಮರುದಿನ ಮಹಾದೇವಿ ಬೀದಿ ಬೀದಿ ಹುಡುಕಿ ರಾಮಮ್ಮನನ್ನು ಹಿಡಿದಳು. ರಾಮಮ್ಮ ತಲೆಯ ಮೇಲಿನ ಬುಟ್ಟಿ ಇಳಿಸಿದಳು. "ಅಯ್ಯೋ ಅಕ್ಕಾ, ನಿನ್ನೇನೇ ಗೋಡೌನ್‌ಗೆ ಹಾಕ್ಬಿಟ್ಟೆ. ತುಂಡು ಮಾಡಿ ಫ್ಯಾಕ್ಟ್ರಿಗಳಿಗೆ ಕಳಿಸ್ತಾರೆ, ಮಷೀನ್ ಎಣ್ಣೆ ಒರ್ಸಕ್ಕೆ. ಮೊದ್ಲೇ ಹೇಳಿದ್ರೆ ನನ್ ತಲೆ ಮೇಲೇ ಇಟ್ಕೊತಿದ್ನಲ್ಲಾ!" ಎಂದು, ಗೋದಾಮಿನ ಗುರುತು ಹೇಳಿದಳು. ತುಂಡಾದ ಮೇಲೆ ಹೋಗಿ ಏನು ಫಲವೆಂದು ಮಹಾದೇವಿ ಮನೆಗೆ ತಿರುಗಿದಳು.

ಭಾನುವಾರ ಬೆಳಿಗ್ಗೆ ಈಶ್ವರಮ್ಮ ಬಸ್ಸಿಳಿದು ಬಂದಳು. ಕಾಲಿಗೆ ನೀರು ಕೊಟ್ಟು, ಚಹಾದ ಲೋಟ ಮುಂದಿಟ್ಟು, ಮಹಾದೇವಿ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು.

ಅತ್ತೆ ಕೈ ಚಾಚಿದಳು. "ಡಬ್ಬಿ ತಾ," ಎಂದಳು. ಬೆರಳ ಗೆಣ್ಣಿನಿಂದ ಬಡಿದಳು. ಮುಚ್ಚಳ ತೆಗೆದು ಹಾಕಿ ನೋಡಿದಳು. "ತಗಡು ತೆಳ್ಳಗೈತಿ. ಒಂದ ಸೀರಿಗೆ ಬರಬೇಕಾಗಿತ್ತು ಇದು." ಅಷ್ಟು ಹೇಳಿ ತಲೆಯ ಮೇಲಿನ ಸೆರಗನ್ನು ಮುಂದಕ್ಕೆಳೆದುಕೊಂಡು ಕುಳಿತಳು. ಚಹಾ ಕೆನೆಗಟ್ಟಿತು. ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಮಹಾದೇವಿಗೆ.

ಕೊನೆಗೆ ಆರಿದ ಚಹಾವನ್ನೇ ಕುಡಿದು ಎದ್ದಳು ಈಶ್ವರಮ್ಮ. "ಆ ಗೋದಾಮು ಎಲ್ಲೈತಿ? ನಡೀರಿ."

"ಅವ್ವಾ, ಹರದು ತುಂಡ ಮಾಡಿರ್ತಾರ," ಎಂದ ಮುರಿಗೆಪ್ಪ.

"ನಾ ಏನ್ ಉಡಾಕ ಹೊಂಟೀನೇನೋ? ಕೌದಿಗೆ ನಾನೂ ಹರೀತಿದ್ದೆ."

ಗೋದಾಮಿನಲ್ಲಿ ಬಟ್ಟೆಯ ತುಂಡುಗಳು ಬಣವೆಯಷ್ಟು ಎತ್ತರಕ್ಕೆ ಬಿದ್ದಿದ್ದವು. ಈಶ್ವರಮ್ಮನ ತಾಯಿಯ ಸೀರೆಗೆ ಕೆಂಪು ಸೆರಗು, ಅದರಲ್ಲಿ ಬಿಳಿಯ ಗೋಪುರದ ಸಾಲು. ಮೂವರೂ ಅದೊಂದನ್ನೇ ಹುಡುಕಿದರು. ಬಿಸಿಲು ಬಾಗಿಲು ದಾಟಿ ಒಳಗೆ ಬಂದರೂ ಸಿಗಲಿಲ್ಲ. ಮುರಿಗೆಪ್ಪ ತನ್ನ ಎಣ್ಣೆಗಪ್ಪು ಉಗುರುಗಳನ್ನು ನೋಡಿಕೊಂಡ. ಇಂಥ ತುಂಡುಗಳಲ್ಲೇ ಅವನು ದಿನವೂ ಮಷೀನು ಒರೆಸುತ್ತಿದ್ದ.

ಈಶ್ವರಮ್ಮ ಸೊಂಟಕ್ಕೆ ಕೈಕೊಟ್ಟು ನೆಟ್ಟಗಾದಳು. "ಹೋಗ್ಲಿ ಬಿಡವಾ. ನಮ್ಮವ್ವ ಇದ್ದಾಗೂ ಸುಮ್ನ ಕುಂತಾಕಿ ಅಲ್ಲ. ಈಗ ಯಾವ ಮಷೀನಿನ ಮಾರಿ ಒರಸಾಕತ್ತಾಳೋ." ಮತ್ತೆ ಬಾಗಿ ಬೇರೆ ತುಂಡುಗಳನ್ನು ಆರಿಸತೊಡಗಿದಳು. ಒಂದೊಂದನ್ನೂ ಕೆನ್ನೆಗೆ ಒತ್ತಿಕೊಳ್ಳುವಳು. ಮೆತ್ತಗಿದ್ದರೆ ಮಡಿಲಿಗೆ, ನೈಲಾನಿನಂತೆ ಜಾರಿದರೆ ಆಚೆಗೆ.

"ಅಜ್ಜೀ, ಆರ್ಸಂಗಿಲ್ಲ. ಹೆಂಗಿದ್ಯೋ ಹಂಗೇ ತೂಕಕ್ಕೆ," ಎಂದ ಗೋದಾಮಿನವನು.

"ಮಷೀನಿಗೆ ಚುಚ್ಚಂಗಿಲ್ಲಪ್ಪಾ, ಕೂಸಿಗೆ ಚುಚ್ಚತೈತಿ. ನಿಮ್ಮವ್ವ ನಿನ್ನ ಗೋಣಿಚೀಲದ ಮ್ಯಾಲ ಮಲಗಿಸಿದ್ಲೇನು?"

ಅವನು ನಕ್ಕು ಬೆನ್ನು ತಿರುಗಿಸಿದ. "ಬೇಗ ಆರ್ಸ್ಕೊಳ್ಳಿ. ನಾನು ನೋಡಿಲ್ಲ."

ತುಂಡುಗಳನ್ನು ಕುದಿನೀರಿನಲ್ಲಿ ಒಗೆದು ವಠಾರದ ತಂತಿಗಳ ತುಂಬ ಹರವಿದರು. ಒಣಗಿದ ಮೇಲೆ ಈಶ್ವರಮ್ಮ ಅವನ್ನು ನೆಲದ ಮೇಲೆ ಜೋಡಿಸಿದಳು. ಯಾರು ಯಾರೋ ತಾಯಂದಿರು ಉಟ್ಟು ಬಿಟ್ಟ ಬಣ್ಣಗಳು ಒಂದರ ಪಕ್ಕ ಒಂದು ಕುಳಿತವು. ಅವಳ ಬಾಯಲ್ಲಿ ಯಾವುದೋ ಮಠದ ಹಾಡು ಸಣ್ಣಗೆ ನಡೆದಿತ್ತು. ನಡುವಿನ ಜಾಗಕ್ಕೆ ಬಂದಾಗ ಹಾಡು ನಿಂತಿತು. ಅದನ್ನು ಹಾಗೇ ಖಾಲಿ ಬಿಟ್ಟು ಸುತ್ತಲೂ ಜೋಡಿಸಿದಳು.

ಮಹಾದೇವಿಗೆ ಆ ಖಾಲಿಯನ್ನು ನೋಡಲಾಗಲಿಲ್ಲ. ಟ್ರಂಕಿನ ತಳದಿಂದ ಒಂದು ಹಸಿರು ಸೀರೆ ತೆಗೆದು ಅತ್ತೆಯ ಮುಂದೆ ಇಟ್ಟಳು. ಸತ್ತ ತಾಯಿಯದು. ಸವೆದೀತೆಂದು ಒಮ್ಮೆಯೂ ಉಟ್ಟಿರಲಿಲ್ಲ.

"ಇದನ್ನ ಹರೀರಿ ಅತ್ತೀ. ನಿಮ್ಮವ್ವಂದು ನಾ ಕಳದೆ. ನಮ್ಮವ್ವಂದು ಹಾಕ್ರಿ."

ಈಶ್ವರಮ್ಮ ಸೀರೆಯನ್ನು ಕೆನ್ನೆಗೆ ಒತ್ತಿಕೊಂಡಳು. ಆಮೇಲೆ ಬೇಡವೆಂದು ತಲೆಯಾಡಿಸಿದಳು.

"ಇದಕ್ಕಿನ್ನೂ ಗಂಜಿ ಬಿಟ್ಟಿಲ್ಲ. ಟ್ರಂಕಿನ್ಯಾಗ ಇಟ್ಟು ಇಟ್ಟು ದಂಡ ಮಾಡೀಯಲ್ಲ ಹುಡುಗಿ! ನಿಮ್ಮವ್ವ ಕೊಟ್ಟದ್ದು ಹುಳಕ್ಕ ಹಾಕಾಕೇನು? ಹೋಗು, ಉಟಗೊಂಡ್ ಬಾ. ಈಗ ನಿನ್ನ ಮೈಮ್ಯಾಲ ಐತಲ್ಲ, ಆ ಸೀರಿ ತಾ."

"ಇದಾ? ಇದು ಹಿಂಡಿ ಹಿಂಡಿ ಚಿಂದಿ ಆಗೈತ್ರಿ."

"ಮತ್ತ? ಅದಕ್ಕ ಮೆತ್ತಗೈತಿ. ನಡುವ ಕೂಸಿನ ಗಲ್ಲ ಬರ್ತೈತಿ. ಹಡದಾಕಿ ವಾಸನಿ ಇರ್ಲಿ."

ಮಹಾದೇವಿ ಹಸಿರು ಸೀರೆ ಉಟ್ಟು ಬಂದಳು. ತುಂಬಿದ ಹೊಟ್ಟೆಯ ಮೇಲೆ ನೆರಿಗೆ ನಿಲ್ಲಲಿಲ್ಲ. ಈಶ್ವರಮ್ಮ ಸೂಜಿ ಕೆಳಗಿಟ್ಟು, ಮೊಣಕಾಲೂರಿ, ಒಂದೊಂದೇ ನೆರಿಗೆ ಹಿಡಿದು ಸಿಕ್ಕಿಸಿದಳು.

"ದಿನಾ ಉಡು. ಒಗದು ಉಡು. ಎರಡನೇ ಕೂಸಿನ ಹೊತ್ತಿಗೆ ಮೆತ್ತಗಾಗಿರಬೇಕು."

"ಮೊದಲನೇದು ಬರ್ಲಿ ತಡೀರಿ, ಯವ್ವಾ!"

ಬಾಯಿಗೆ ಬಂದ ಮಾತು ಮಹಾದೇವಿಗೇ ಕೇಳಿಸಿ ಕಣ್ಣು ತುಂಬಿತು. ಈಶ್ವರಮ್ಮ ತಲೆ ಎತ್ತಲಿಲ್ಲ, ಕೊನೆಯ ನೆರಿಗೆಯನ್ನು ಕೈಯಿಂದ ಒಮ್ಮೆ ನೀವಿ, "ಕುಂದ್ರು. ಈ ತುದಿ ಹಿಡಿ," ಎಂದಳು.