ಎರಡಡಿ ಆಚೀಚೆ

ಎಲ್ಲಿದ್ದೀಯೆಂದು ಕೇಳಿದರೆ ಲೊರೇನ್ ಪಾವ್ಲಾಕ್ ಬರಿಯ ಜಾಗವನ್ನು ಹೇಳಿದವಳಲ್ಲ, ತನ್ನ ಮಾತು ಎಷ್ಟು ತಪ್ಪಿರಬಹುದೆಂಬುದನ್ನೂ ಸೇರಿಸಿಯೇ ಹೇಳುವಳು: "ಕಾಫಿ ಮೆಶಿನ್ ಹತ್ರ, ಎರಡಡಿ ಆಚೀಚೆ." ಡೆಟ್ರಾಯ್ಟಿನ ನಮ್ಮ ಪ್ರಯೋಗಶಾಲೆಯಲ್ಲಿ ಇದನ್ನು ಅಣಕಿಸದವರಿಲ್ಲ. ಎದುರುಗಾಳಿಗೆ ಹೆಗಲು ಕೊಟ್ಟವಳಂತೆ ಮುಂದಕ್ಕೆ ಬಾಗಿದ ನಡಿಗೆ. ಬೇಸಿಗೆಯಲ್ಲೂ ಮೈಮೇಲೆ, ಕಾರ್ಖಾನೆಯಲ್ಲಿ ದುಡಿದು ತೀರಿಕೊಂಡ ತಂದೆಯ ಕಂದು ಕ್ಯಾನ್ವಾಸ್ ಕೋಟು. ಯಾರು ಯಾವ ಸುದ್ದಿ ತಂದರೂ, ಮದುವೆಯದಾಗಲಿ ಮರಣದ್ದಾಗಲಿ, ಅವಳ ಮೊದಲ ಪ್ರಶ್ನೆ ಒಂದೇ: "ನಿಂಗ್ಯಾರು ಹೇಳಿದ್ದು?"

ಉಪಗ್ರಹದ ಸಂಕೇತ ಹೊಗದ ಸುರಂಗಗಳಲ್ಲಿ ವಾಹನಗಳು ರೇಡಿಯೊ ಅಲೆಗಳ ಮೂಲಕ ಒಂದನ್ನೊಂದು ವಿಚಾರಿಸಿ ತಮ್ಮ ನೆಲೆಯನ್ನು ಕಂಡುಕೊಳ್ಳುವಂತೆ, ಆ ನೆಲೆಯನ್ನೇ ನಂಬಿ ತಾವಾಗಿ ಓಡುವಂತೆ ಮಾಡುವುದು ನಮ್ಮ ಕಸುಬು. ಮೇಲಧಿಕಾರಿ ಡ್ವೈಟ್ ಇದನ್ನು ಆಂಬುಲೆನ್ಸುಗಳಿಗೆ ಅಳವಡಿಸುವ ಆತುರದಲ್ಲಿ ಅತಿಥಿಗಳನ್ನು ಕರೆಸಿ ಪರೀಕ್ಷೆ ಏರ್ಪಡಿಸಿದ. ಸುರಂಗ ಹೊಕ್ಕ ಮೂರು ಕಾರುಗಳೂ, ನಾವು ರಸ್ತೆಯ ಎಡ ಸಾಲಿನಲ್ಲಿದ್ದೇವೆ, ಗೇಣಷ್ಟೂ ಸಂಶಯವಿಲ್ಲ ಎಂದು ಹೊರಗಿನ ಪರದೆಯ ಮೇಲೆ ಸಾರಿದವು. ಚಪ್ಪಾಳೆ ಬಿತ್ತು. ಉಪಗ್ರಹದ ಸಂಕೇತ ಸಿಗದೆ ಒಳಗೆ ಹೋದಷ್ಟೂ ಸಂಶಯ ಹೆಚ್ಚಬೇಕು, ಇವಕ್ಕೆ ಕಡಿಮೆಯಾಗುತ್ತಿದೆಯಲ್ಲ ಎಂದು ಲೊರೇನ್ ತಕರಾರು ತೆಗೆದಳು.

"ಮೂರೂ ಒಪ್ಕೊಂಡಿವೆ, ಇನ್ನೇನು ನಿಂದು?" ಎಂದ ಡ್ವೈಟ್.

"ಮೂರಲ್ಲ ಕಣಯ್ಯಾ, ಒಂದೇ. ಮೊದಲನೇದು ಎರಡನೇದಕ್ಕೆ ಹೇಳ್ತು, ಅದು ಮೂರನೇದಕ್ಕೆ, ಅದು ತಿರುಗಿ ಮೊದಲನೇದಕ್ಕೇ. ತನ್ನ ಮಾತೇ ಸುತ್ತಾಡ್ಕೊಂಡು ಬಂದಿದ್ದನ್ನ ಹೊಸ ಸಾಕ್ಷಿ ಅಂದ್ಕೊಂಡಿದೆ."

ಅತಿಥಿಗಳ ಮುಂದೆ ಮರ್ಯಾದೆ ಕಳೆಯಬೇಡವೆಂದು ಅವನು ಪಿಸುದನಿಯಲ್ಲಿ ಗೋಗರೆದ; ಕೆಲಸ ಹೋದೀತೆಂದು ಬೆದರಿಸಿದ. ಅವಳು ಕೋಟು ಬಿಚ್ಚಿದಳು. ಕೋಟಿಲ್ಲದ ಲೊರೇನಳನ್ನು ನಾನು ಕಂಡದ್ದು ಅದೇ ಮೊದಲು. ಯಾವ ಕಾರೂ ಬಾರದೆಂದು ಪರದೆ ಆಣೆಯಿಟ್ಟಿದ್ದ, ಸುರಂಗದೊಳಗಿನ ಬಲ ಸಾಲಿನಲ್ಲಿ ಅದನ್ನು ಹಾಸಿ ಬಂದು, "ಇನ್ನೊಂದ್ಸಲ ಓಡಿಸು. ನಿನ್ನ ಕಾರುಗಳು ಎಡಗಡೆನೇ ಹೋಗೋದಾದ್ರೆ ನಮ್ಮಪ್ಪನ ಕೋಟಿಗೆ ಏನೂ ಆಗಲ್ಲ" ಎಂದಳು.

ಎಲ್ಲರೂ ಸುರಂಗದ ಬಾಯಿಗೆ ಬಂದು ನಿಂತೆವು. ಪರದೆಯಲ್ಲಿ ಮೂರು ಕಾರುಗಳೂ ಎಡ ಸಾಲಿನಲ್ಲೇ ಇದ್ದವು. ಮೊದಲನೇ ಕಾರು ನಿಜಕ್ಕೂ ಎಲ್ಲಿ ಹೋಯಿತೆಂದು, ಹಿಂದೆ ನಿಂತು ಏನೂ ಕಾಣದಿದ್ದ ಅತಿಥಿಯೊಬ್ಬರು ಕೇಳಿದರು.

"ಕೋಟಿನ ಮೇಲೆ" ಎಂದಳು ಲೊರೇನ್. ಆ ದಿನ ಮಾತ್ರ ಆಚೀಚೆ ಎನ್ನಲಿಲ್ಲ.

ಆಂಬುಲೆನ್ಸುಗಳಿಗೆ ಅಳವಡಿಸುವ ಮಾತನ್ನು ಮುಂದೂಡಬೇಕಾಯಿತು. ಡ್ವೈಟ್ ಬಹುಕಾಲ ಅವಳೊಡನೆ ಮಾತು ಬಿಟ್ಟ. ಅವಳಿಗೆ ಅದರಿಂದ ನಷ್ಟವೇನೂ ಆದಂತೆ ಕಾಣಲಿಲ್ಲ. ಬೆನ್ನ ಮೇಲಿನ ಟೈರಿನ ಗುರುತನ್ನು ಒಗೆಯದೆ ಅದೇ ಕೋಟು ತೊಟ್ಟು ಬರುತ್ತಾಳೆ.

ಇಂಥವರ ಜೊತೆ ಏಗುವುದು ಕಷ್ಟ. ಎಲ್ಲರೂ ಹೇಳುತ್ತಿದ್ದಾರಲ್ಲ ಎಂಬ ನಮ್ಮ ನೆಮ್ಮದಿಯನ್ನು, ಆ ಎಲ್ಲರೂ ನಮ್ಮಿಂದಲೇ ಕೇಳಿದವರೆಂದು ತೋರಿಸಿ, ನಿರ್ದಾಕ್ಷಿಣ್ಯವಾಗಿ ಕಿತ್ತುಕೊಳ್ಳುತ್ತಾರೆ. ಕಿತ್ತುಕೊಳ್ಳಲಿ. ನನ್ನನ್ನು ಎಂದಾದರೂ ಆಂಬುಲೆನ್ಸಿನಲ್ಲಿ ಒಯ್ಯುವುದಾದರೆ, ಅದಕ್ಕೆ ದಾರಿ ಕಲಿಸಿದವರು ಇಂಥ ಮೊಂಡರೇ ಆಗಿರಲಿ.